ಇಪ್ಪತ್ತೆರಡು ಮನೆಗಳ ಬೀದಿ

ಕೆಳಗಿನ ಮನೆಯ ಪ್ರೊಫೆಸರರು ಮೊದಲ ಸಲ ನನ್ನ ಬಾಗಿಲು ತಟ್ಟಿದ್ದು ಒಂದು ಬಾಟಲಿಯ ಮುಚ್ಚಳ ತೆಗೆಸಲು. ಉಪ್ಪುನೀರಿನಲ್ಲಿ ಹಾಕಿದ ಎಳೆ ಸೌತೆಯ ಬಾಟಲಿ. ಎಂಬತ್ತು ದಾಟಿದ ಮನುಷ್ಯ, ಅಷ್ಟು ಸಣ್ಣ ಕೆಲಸಕ್ಕೂ ಟೈ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಎರಡೂ ಕೈ ನಡುಗುತ್ತಿದ್ದವು. ಟವೆಲಿನಲ್ಲಿ ಹಿಡಿದು ತಿರುಗಿಸಿ ಕೊಟ್ಟೆ. ಅವರು ಬಗ್ಗಿ ನನ್ನ ಕೈಗೆ ಮುತ್ತಿಡಲು ಬಂದರು. ನಾನು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

"ನಮ್ಮ ದೇಶದಲ್ಲಿ ಇದು ಮರ್ಯಾದೆ," ಎಂದರು ಇಂಗ್ಲಿಷಿನಲ್ಲಿ.

"ನಮ್ಮ ಕಡೆ ಹೀಗೆ ಮಾಡಿದ್ರೆ ಊರು ಬಿಡಿಸ್ತಾರೆ," ಎಂದೆ ನಾನೂ ಇಂಗ್ಲಿಷಿನಲ್ಲೇ.

"ನನ್ನನ್ನು ಹಾಗೆ ಮಾಡದೆಯೇ ಬಿಡಿಸಿದ್ದಾರೆ," ಎಂದು ನಕ್ಕರು. ಆ ದಿನ ಅದನ್ನು ತಮಾಷೆ ಎಂದುಕೊಂಡೆ.

ನಮ್ಮದು ಇಂಗ್ಲೆಂಡಿನಲ್ಲಿ, ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ, ಆಸ್ಪತ್ರೆಗೂ ವಿಶ್ವವಿದ್ಯಾಲಯಕ್ಕೂ ನಡುವಿನ ಇಳಿಜಾರಿನಲ್ಲಿ, ಒಂದೇ ಮನೆಯನ್ನು ಕೆಳಗೊಂದು ಮೇಲೊಂದು ಮಾಡಿದ ಕಟ್ಟಡ. ನಮ್ಮವರು ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಅವರು ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಈ ಮೇಲಿನ ಮನೆಗೆ ಬಂದೆ. ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅಭ್ಯಾಸವಾಗಿಹೋಗಿದೆ. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಹೊರರೋಗಿಗಳ ಕೌಂಟರಿನಲ್ಲಿ ಕೂರುತ್ತೇನೆ. ಬುಧವಾರ ಸಂಜೆ ಎಲ್ಲರಿಗೂ 'ಸೀ ಯೂ ಮಂಡೇ' ಎಂದು ಹೇಳಿ ಬಂದರೆ ಸೋಮವಾರದವರೆಗೆ ಬಾಯಿಗೆ ಕೆಲಸವಿಲ್ಲ. ಸೋಮವಾರ ಮೊದಲನೆಯ ರೋಗಿಯ ಹೆಸರು ಕರೆಯುವಾಗ ದನಿ ಹೊರಡದೆ ಎರಡು ಸಲ ಕೆಮ್ಮಬೇಕಾಗುತ್ತಿತ್ತು.

ಕನ್ನಡದವರಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ, ಬೇಕಾದಷ್ಟು ಜನ. ಲೀಡ್ಸಿನಲ್ಲಿ ಯುಗಾದಿ, ಬರ್ಮಿಂಗ್‌ಹ್ಯಾಮಿನಲ್ಲಿ ದೀಪಾವಳಿ. ನಮ್ಮವರು ಹೋದ ಮೇಲೆ ಎರಡು ವರ್ಷ ಹೋದೆ. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬರುತ್ತಾ ಬರುತ್ತಾ ನನ್ನೆದುರು ಒಂದು ಕ್ಷಣ ತಡೆದು, ನಗುತ್ತಾ ಪಕ್ಕದವರ ಕಡೆಗೆ ಹೋಗುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಅನ್ನಲಿ ಎಂದೇ ಕಾಯುತ್ತಿದ್ದೆ, ಅಂದಿದ್ದರೆ ಉತ್ತರ ಕೊಡಬಹುದಿತ್ತು. ಮೂರನೆಯ ವರ್ಷ ಆಸ್ಪತ್ರೆಯಲ್ಲಿ ಡ್ಯೂಟಿ ಇದೆ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ಇಂಥ ಹೊತ್ತಿನಲ್ಲಿ ಪ್ರೊಫೆಸರರು ಬಾಟಲಿ ಹಿಡಿದುಕೊಂಡು ಬಂದದ್ದು. ಆಮೇಲೆ ಗುಂಡಿ ಹಾಕಿಕೊಡಲು ಬಂದರು, ಕಾಗದದ ಲಕೋಟೆ ಬಿಡಿಸಲು ಬಂದರು. ನನ್ನನ್ನು 'ಮಿಸೆಸ್ ಡಾಕ್ಟರ್' ಎನ್ನುತ್ತಿದ್ದರು. ಅವರ ಕಡೆಯೂ ನಮ್ಮ ಹಾಗೇ, ಡಾಕ್ಟರ ಹೆಂಡತಿಗೆ ಬೇರೆ ಹೆಸರು ಬೇಕಾಗಿಲ್ಲವಂತೆ. ನಾನು ಬ್ಯಾಡಗಿ ಮೆಣಸಿನ ಪುಡಿ ಕೊಟ್ಟರೆ ಮೂಸಿ ನೋಡಿ, "ಬಣ್ಣ ನಮ್ಮೂರಿನದು, ಸಿಟ್ಟು ನಿಮ್ಮೂರಿನದು," ಎಂದರು. ಹೀಗೆ ಮಾತಿಗೆ ಮಾತು ಸೇರಿ ಅವರ ಕತೆ ನನಗೆ ತಿಳಿಯಿತು. ಒಂದೇ ದಿನದಲ್ಲಿ ಹೇಳಿದ್ದಲ್ಲ. ದೊಡ್ಡವರ ತಪ್ಪು ಯಾವತ್ತೂ ಕಂತಿನಲ್ಲೇ ಹೊರಗೆ ಬರುವುದು.

ಹಂಗೇರಿಯ ದಕ್ಷಿಣದಲ್ಲಿ, ತಿಸಾ ಎಂಬ ನದಿಯ ದಡದಲ್ಲಿ ಅವರ ಊರು. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಅಲ್ಲಿ ಅವರನ್ನು ಬಲ್ಲವರು ಇನ್ನೂ ಇದ್ದಾರೆ. ಚಳಿಗಾಲಕ್ಕೆ ಮೊದಲು ಮನೆಮನೆಯ ಗೋಡೆಗೂ ಕೆಂಪು ಮೆಣಸಿನ ಮಾಲೆ ತೂಗುವ ಊರು. ಅಪ್ಪ ಟ್ರಾಮ್ ಓಡಿಸುತ್ತಿದ್ದರು. ಅಮ್ಮ ಬೇಗ ತೀರಿಕೊಂಡರು. ಇವರನ್ನು ಸಾಕಿದ್ದು ಇವರಿಗಿಂತ ಒಂಬತ್ತು ವರ್ಷ ದೊಡ್ಡ ಅಕ್ಕ. ಮೆಣಸಿನ ಪುಡಿಯ ಕಾರ್ಖಾನೆಯಲ್ಲಿ ದುಡಿದು ತಮ್ಮನನ್ನು ಓದಿಸಿದಳು. ಮದುವೆಯಾಗಲಿಲ್ಲ. ತಮ್ಮ ಬೆಳೆದು ಚರಿತ್ರೆಯ ಪ್ರೊಫೆಸರಾದರು, ತಮ್ಮ ಊರಿನ ಬಗ್ಗೆಯೇ ಮೂರು ದಪ್ಪ ಪುಸ್ತಕ ಬರೆದರು. ದೇಶದಲ್ಲಿ ಒಂದೇ ಪಕ್ಷದ ಕಾಲ ಮುಗಿದಾಗ ಪಾಠ ಹೇಳುತ್ತಿದ್ದ ಎಷ್ಟೋ ಮಂದಿ ಚುನಾವಣೆಗೆ ನಿಂತರಂತೆ. ಇವರೂ ನಿಂತರು, ಗೆದ್ದರು. ಎರಡು ಅವಧಿ ನಗರಸಭೆಯಲ್ಲಿದ್ದರು. ಎರಡನೆಯ ಸಲ ಮೇಯರರ ಪಕ್ಕದ ಕುರ್ಚಿ, ರಸ್ತೆ ಕಟ್ಟಡಗಳೆಲ್ಲ ಇವರ ಕೈಯಲ್ಲಿ. ಗ್ರಂಥಾಲಯದ ಮಾಡು ರಿಪೇರಿ ಮಾಡಿಸಿದ್ದನ್ನು, ಶಾಲೆಗೆ ಬಿಸಿನೀರು ತಂದದ್ದನ್ನು ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಆಮೇಲೆ ಸೇತುವೆಗೆ ಹೋಗಲು ದೊಡ್ಡ ರಸ್ತೆ ಬೇಕಾಯಿತು. ನಡುವೆ ಒಂದು ಹಳೆಯ ಬೀದಿ ಇತ್ತು, ಇಪ್ಪತ್ತೆರಡು ಮನೆ. ಒಡೆಯಿರಿ ಎಂದು ಸಹಿ ಹಾಕಿದವರು ಇವರು. ಇಪ್ಪತ್ತೆರಡನೆಯದು ಇವರೇ ಹುಟ್ಟಿದ ಮನೆ. ಅಕ್ಕ ಅದರಲ್ಲಿ ಇದ್ದಳು.

"ಮೊದಲೇ ಹೇಳಿದ್ದಿರಾ ಅವರಿಗೆ?" ಎಂದು ಕೇಳಿದೆ.

"ಭಾನುವಾರ ಅಲ್ಲಿಗೇ ಊಟಕ್ಕೆ ಹೋಗಿದ್ದೆ. ಸಹಿ ಆಗಿತ್ತು. ಹೇಳಲು ಬಾಯಿ ಬರಲಿಲ್ಲ. ಊಟ ಮಾಡಿ ಬಂದೆ. ಸೋಮವಾರ ಅವಳ ಗೇಟಿಗೆ ನೋಟಿಸ್ ಅಂಟಿಸಿದರು. ಕೆಳಗೆ ನನ್ನ ಹೆಸರು."

ನಮ್ಮಲ್ಲಿ ಇದಕ್ಕೊಂದು ಗಾದೆಯಿದೆ ಎಂದು ಬಾಯಿ ಜಾರಿತು. ಹೇಳಲೇಬೇಕು ಎಂದು ಹಟ ಹಿಡಿದರು. ಊರಿಗೆ ಉಪಕಾರಿ, ಮನೆಗೆ ಮಾರಿ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಬೇಜಾರು ಮಾಡಿಕೊಂಡಾರು ಎಂದುಕೊಂಡಿದ್ದೆ. ಅವರು ಸುಮ್ಮನೆ ತಲೆದೂಗಿ, "ನಿಮ್ಮ ಜನಕ್ಕೆ ನನ್ನ ಪರಿಚಯ ಮೊದಲೇ ಇತ್ತು," ಎಂದರು.

ಅಕ್ಕನಿಗೆ ಊರ ಹೊರಗಿನ ಎತ್ತರದ ಕಟ್ಟಡವೊಂದರಲ್ಲಿ ಫ್ಲ್ಯಾಟ್ ಕೊಟ್ಟರು. ಅಂದಿನಿಂದ ಅವಳು ತಮ್ಮನ ಜೊತೆ ಒಂದು ಮಾತೂ ಆಡಿಲ್ಲ. ಮುಂದಿನ ಚುನಾವಣೆಯಲ್ಲಿ ಆ ಬೀದಿಯವರೆಲ್ಲ ಸೇರಿ ಇವರನ್ನು ಸೋಲಿಸಿದರು. ಇಲ್ಲಿನ ವಿಶ್ವವಿದ್ಯಾಲಯ ಒಂದು ವರ್ಷದ ಕೆಲಸಕ್ಕೆ ಕರೆದಾಗ ಹೆಂಡತಿಯೊಡನೆ ಬಂದರು. ಅದೇ ವರ್ಷ ಹೆಂಡತಿ ಕಾಯಿಲೆಬಿದ್ದು ಇಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ಸಮಾಧಿ ಇಲ್ಲಿ, ಕೋಪ ಅಲ್ಲಿ. ಇವರು ಸಮಾಧಿಯ ಹತ್ತಿರ ಉಳಿದರು.

ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಅಕ್ಕನಿಗೆ ಫೋನ್ ಮಾಡುತ್ತಿದ್ದರು. ನಾನೇ ಕಣ್ಣಾರೆ ಕಂಡಿದ್ದೇನೆ. ಆಕೆ ಎತ್ತುತ್ತಾಳೆ. ಇವರು ಒಂದು ಶಬ್ದ ಆಡುವಷ್ಟರಲ್ಲಿ ಇಟ್ಟುಬಿಡುತ್ತಾಳೆ. ಇವರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಜಾಗಕ್ಕೆ ಕೂರಿಸುತ್ತಾರೆ. ಕಾಗದ ಬರೆದರೆ ಉತ್ತರವಿಲ್ಲ.

"ಬಿಟ್ಟುಬಿಡಿ ಪ್ರೊಫೆಸರ್, ಹಟಮಾರಿ ಹೆಂಗಸು," ಎಂದೆ ಒಂದು ಸಲ.

"ಎತ್ತುತ್ತಾಳಲ್ಲ," ಎಂದರು. "ಭಾನುವಾರ ಹನ್ನೊಂದಕ್ಕೆ ನಾನೇ ಎಂದು ಗೊತ್ತು. ಆದರೂ ಎತ್ತುತ್ತಾಳೆ."

ಅವರಿಗೆ ಉಳಿದಿದ್ದ ಆಸೆ ಒಂದೇ. ತಾವು ಬರೆದ ಮೂರು ಪುಸ್ತಕಗಳಲ್ಲೂ ಆ ಬೀದಿ ಇರಲಿಲ್ಲ. ಒಡೆಯುವ ಮೊದಲು ಬರೆದವುಗಳಲ್ಲಿ ಅದು ತೀರಾ ಸಾಮಾನ್ಯ ಬೀದಿ ಎಂದು ಬಿಟ್ಟಿದ್ದರು, ಒಡೆದ ಮೇಲೆ ಬರೆದದ್ದರಲ್ಲಿ ನಾಚಿಕೆಯಿಂದ ಬಿಟ್ಟಿದ್ದರು. ಈಗ ಆ ಬೀದಿಯನ್ನು ಒಂದೊಂದೇ ಮನೆಯಾಗಿ ಬರೆಯಬೇಕು. ಯಾರಿದ್ದರು, ಗೇಟಿನ ಬಣ್ಣ ಯಾವುದು, ಅಂಗಳದಲ್ಲಿ ಯಾವ ಮರ, ಯಾರ ಮನೆಯಲ್ಲಿ ಜಗಳ, ಯಾರ ಮನೆಯಲ್ಲಿ ಪಿಟೀಲು. ಕೊನೆಗೆ ತಮ್ಮ ಮನೆ, ಆ ಭಾನುವಾರದ ಊಟ. ಅದನ್ನು ಅಕ್ಕನಿಗೆ ಮುಟ್ಟಿಸಬೇಕು. ಸಹಿ ಹಾಕಿ ಒಡೆದದ್ದನ್ನು ಬರೆದು ಕಟ್ಟಿಕೊಡುತ್ತೇನೆ ಎನ್ನುವ ಹುಚ್ಚು. ಆದರೆ ಕೈ ಪೆನ್ನು ಹಿಡಿಯುತ್ತಿರಲಿಲ್ಲ. ಹಿಡಿದರೂ ಬರೆದದ್ದು ಇರುವೆ ಸಾಲು ಚದುರಿದ ಹಾಗೆ.

ಮದುವೆಗೆ ಮೊದಲು ನಾನು ಉಡುಪಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದೆ. ಕೈ ಇನ್ನೂ ಚುರುಕಾಗಿದೆ. "ನೀವು ಹೇಳಿ, ನಾನು ಬರೀತೇನೆ," ಎಂದೆ.

"ಇಂಗ್ಲಿಷಿನಲ್ಲಿ ಆ ಬೀದಿ ಇಲ್ಲ, ಮಿಸೆಸ್ ಡಾಕ್ಟರ್. ನಿಮಗೆ ನನ್ನ ಭಾಷೆ ಬರುವುದಿಲ್ಲ."

"ಬರೋದು ಯಾಕೆ? ಕೇಳಿದ್ದನ್ನು ಬರೆದರಾಯಿತಲ್ಲ."

ನನಗೆ ಇದು ದೊಡ್ಡ ಸಂಗತಿ ಅನ್ನಿಸಲೇ ಇಲ್ಲ. ನಮ್ಮದು ತುಳು ಮನೆ. ಆಡುವುದು ತುಳು, ಬರೆಯುವುದು ಕನ್ನಡ ಅಕ್ಷರದಲ್ಲಿ. ಅಮ್ಮ ನನಗೆ ಬರೆಯುತ್ತಿದ್ದ ಕಾಗದಗಳೆಲ್ಲ ಹಾಗೇ. ಒಂದು ಭಾಷೆಗೆ ಇನ್ನೊಂದರ ಅಂಗಿ ತೊಡಿಸುವುದು ನಮಗೆ ಹುಟ್ಟಿನಿಂದ ಬಂದ ರೂಢಿ. ಹಂಗೇರಿಯ ಭಾಷೆಯಾದರೇನು, ಅದಕ್ಕೂ ಒಂದು ಅಂಗಿ. ಅವರು ಗೆರೆ ಹಾಕಿದ ಕಾರ್ಡುಗಳ ಕಟ್ಟು ಕೊಟ್ಟರು. ಗುರುವಾರ ಮತ್ತು ಶನಿವಾರ ಮಧ್ಯಾಹ್ನ ಅವರ ಮೇಜಿನ ಎದುರು ಕೂತೆ. ಅವರು ನಿಧಾನಕ್ಕೆ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ತುಟಿ ಮುಂದೆ ಮಾಡಿ ಹೇಳುವ ಸ್ವರವೊಂದು ಅವರಲ್ಲಿತ್ತು, ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ತುಳುವಿನಲ್ಲಿ ಪದದ ಕೊನೆಗೆ ಬಾಯಿ ಅರ್ಧ ತೆರೆದು ಹೇಳುವ ಸ್ವರಕ್ಕೆ ನಾವು ಹಾಕುವ ಗುರುತನ್ನೇ ಅದಕ್ಕೂ ಹಾಕಿದೆ. ಬರೆದದ್ದನ್ನು ಓದಿ ಹೇಳಿದರೆ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಮೊದಲನೆಯ ಕಾರ್ಡು ಓದಿದ ದಿನ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. "ನಮ್ಮ ಬೀದಿಯ ಮಾತಿನ ಹಾಗೇ ಇದೆ. ನಿಮಗೆ ಒಂದು ಪದವೂ ಅರ್ಥವಾಗಲಿಲ್ಲವೇ?" ಎಂದರು.

"ಒಂದೂ ಇಲ್ಲ."

"ಒಳ್ಳೆಯದು. ಅರ್ಥವಾಗುವವರ ಎದುರು ನಾನು ಹೀಗೆ ಹೇಳುತ್ತಿರಲಿಲ್ಲ."

ಮಗಳಿಗೆ ಹೇಳಿದರೆ, "ಅಮ್ಮಾ, ಯು ಆರ್ ನಾಟ್ ಹಿಸ್ ಸೆಕ್ರೆಟರಿ," ಎಂದಳು. ಕೆಲಸವಿಲ್ಲದ ಆಚಾರಿ ಮಗುವಿನ ಕುಂಡೆ ಕೆತ್ತಿದನಂತೆ, ಹಾಗೆ ಅಂದುಕೋ ಎಂದೆ. ಅವಳಿಗೆ ಗಾದೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಎರಡು ಮಧ್ಯಾಹ್ನಗಳಿಗಾಗಿ ನಾನು ವಾರವನ್ನು ದೂಡುತ್ತಿದ್ದೆ. ಸೋಮವಾರ ಬೆಳಿಗ್ಗೆ ದನಿ ಸಲೀಸಾಗಿ ಹೊರಡತೊಡಗಿತ್ತು.

ಒಂದೊಂದು ಮನೆ ಮುಗಿದ ಹಾಗೆ ನಾನು ಕಾರ್ಡು ಓದಿ, ಅವರು ಅಕ್ಷರ ಅಕ್ಷರ ಹೇಳಿ, ಅವರ ಲಿಪಿಗೆ ಇಳಿಸಿ ಅಕ್ಕನಿಗೆ ಕಳಿಸುವುದೆಂದು ಮಾತಾಗಿತ್ತು. ಅವರು ಆಗಾಗ ಜ್ಞಾಪಿಸುತ್ತಿದ್ದರು. ಆಮೇಲೆ ಆಮೇಲೆ ಎಂದು ನಾನೇ ಮುಂದೆ ಹಾಕಿದೆ. ಬರೆಯುವುದು ಮುಗಿದರೆ ಗುರುವಾರ ಏನು ಮಾಡುವುದು ಎಂಬ ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದರಲ್ಲಿ ಏನೂ ಇಲ್ಲ.

ಇಪ್ಪತ್ತೆರಡನೆಯ ಮನೆಯನ್ನು ಜನವರಿಯ ಒಂದು ಶನಿವಾರ ಹೇಳಿದರು. ಬೇರೆ ಮನೆಗಳಿಗೆ ಮೂರು ಕಾರ್ಡು, ನಾಲ್ಕು ಕಾರ್ಡು ಆಗಿತ್ತು. ಇದಕ್ಕೆ ಹನ್ನೊಂದು. ಕೊನೆಯ ಕಾರ್ಡಿನಲ್ಲಿ ಒಂದು ವಾಕ್ಯ ಹೇಳಿ ನಿಂತರು, ಅದನ್ನೇ ಮತ್ತೆ ಹೇಳಿದರು, ಮತ್ತೆ ಹೇಳಿದರು. ಮೂರು ಸಲವೂ ಬರೆಯಬೇಕೋ ಎಂದು ಕೇಳಿದೆ. ಒಂದೇ ಸಲ ಸಾಕು ಎಂದರು.

ಎರಡು ವಾರ ಕಳೆದು ಅಡುಗೆಮನೆಯಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಆಸ್ಪತ್ರೆಯಲ್ಲಿ ಎದೆಗೆ ಕಫ ಇಳಿಯಿತು. ನಮ್ಮದೇ ಆಸ್ಪತ್ರೆ, ಕೌಂಟರು ಮುಗಿಸಿ ಮೇಲೆ ಹೋಗಿ ಕೂರುತ್ತಿದ್ದೆ. ಇಂಗ್ಲಿಷ್ ಒಮ್ಮೊಮ್ಮೆ ತಪ್ಪುತ್ತಿತ್ತು. ಒಂದು ಸಂಜೆ ಮಾತ್ರ ಸ್ಪಷ್ಟವಾಗಿ, "ಕಾರ್ಡುಗಳು ಅವಳಿಗೆ ಮುಟ್ಟಬೇಕು," ಎಂದರು.

"ಮುಟ್ಟಿಸ್ತೇನೆ ಪ್ರೊಫೆಸರ್."

"ಹೇಗೆ?"

ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಮುಟ್ಟಿಸ್ತೇನೆ ಎಂದೇ ಮತ್ತೆ ಹೇಳಿದೆ. ಮೂರನೆಯ ದಿನ ಹೋದರು.

ಹೆಂಡತಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಏಳು ಜನ ಇದ್ದೆವು, ಅದರಲ್ಲಿ ಇಬ್ಬರು ಗುಂಡಿ ತೋಡುವವರು. ಅವರ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಸಾಲಿಸಿಟರು ಬಂದಿದ್ದರು. ಅಕ್ಕನಿಗೆ ತಿಳಿಸಿದ್ದೀರಾ ಎಂದು ಕೇಳಿದೆ. "ಹತ್ತಿರದ ಸಂಬಂಧಿಗೆ ಕಾಗದ ಹೋಗಿದೆ," ಎಂದರು. ಅಲ್ಲಿಗೆ ನಾನು ಆ ವಿಷಯ ಬಿಟ್ಟೆ. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ಮುಟ್ಟಿಸಬೇಕಾಗಿಲ್ಲ. ಬೆಳಿಗ್ಗೆ ಹೋದರೆ ಮಧ್ಯಾಹ್ನದೊಳಗೆ ಮುಂಬಯಿಯ ನೆಂಟರು ರೈಲು ಹತ್ತಿರುತ್ತಾರೆ. ಒಡಹುಟ್ಟಿದವಳಿಗೆ ತಮ್ಮ ಸತ್ತದ್ದು ಗೊತ್ತಿಲ್ಲದಿರಬಹುದು ಎನ್ನುವುದು ನನ್ನ ತಲೆಯಲ್ಲಿ ಹಾಯಲೇ ಇಲ್ಲ.

ಕಾರ್ಡುಗಳ ಪೆಟ್ಟಿಗೆ ನನ್ನ ಮನೆಗೆ ಬಂತು. ಎಪ್ಪತ್ತೊಂಬತ್ತು ಕಾರ್ಡು. ಲೋಕದಲ್ಲಿ ಅದನ್ನು ಓದಬಲ್ಲವಳು ನಾನು, ಓದಿದರೂ ನನಗೆ ತಿಳಿಯದು. ತಿಳಿಯುವವಳು ಅಲ್ಲಿದ್ದಾಳೆ, ಅವಳಿಗೆ ಓದಲು ಬಾರದು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ. ನನ್ನ 'ಆಮೇಲೆ'ಯನ್ನು ನಾನೇ ಬೈದುಕೊಂಡೆ. ಎರಡು ವಾರ ಪೆಟ್ಟಿಗೆಯನ್ನು ನೋಡಿ ನೋಡಿ, ಒಂದು ಭಾನುವಾರ ಹನ್ನೊಂದಕ್ಕೆ ಅವರ ಫೋನ್ ಪುಸ್ತಕದಲ್ಲಿದ್ದ ಅಕ್ಕನ ನಂಬರು ಒತ್ತಿದೆ.

ಎತ್ತಿದರು. ಮುದುಕಿಯ ದನಿ, ಒಣಗಿದ ದನಿ. ನಾನು ಹಲೋ ಕೂಡ ಅನ್ನಲಿಲ್ಲ. ಅಂದರೆ ಇಟ್ಟುಬಿಟ್ಟಾರು ಎಂಬ ಭಯ. ನೇರವಾಗಿ ಒಂದನೆಯ ಮನೆ ಓದಲು ಸುರು ಮಾಡಿದೆ. ಮೂರು ಕಾರ್ಡು. ಮುಗಿದಾಗ ಆ ಕಡೆ ಗಡಿಯಾರದ ಶಬ್ದ ಕೇಳುತ್ತಿತ್ತು, ಉಸಿರು ಕೇಳುತ್ತಿತ್ತು. ನಂತರ ಆಕೆ ಒಂದು ಸಣ್ಣ ಮಾತು ಹೇಳಿ ಇಟ್ಟರು. ಓದುವಾಗ ಇಡಲಿಲ್ಲ, ಮುಗಿದ ಮೇಲೆ ಇಟ್ಟರು. ಅದು ಬೇರೆ ರೀತಿ ಇಡುವುದು.

ಮುಂದಿನ ಭಾನುವಾರ ಎರಡನೆಯ ಮನೆ. ಹೀಗೆ ವಾರಕ್ಕೊಂದು. ಒಂಬತ್ತನೆಯ ಮನೆಯಲ್ಲಿ ಆಕೆ ನಕ್ಕರು. ಆ ಮನೆಯಲ್ಲಿ ಏನಿತ್ತೋ ನನಗೇನು ಗೊತ್ತು, ಆದರೆ ನಾನೂ ನಕ್ಕೆ. ಹದಿಮೂರರಲ್ಲಿ ನಡುವೆ ತಡೆದು ಏನೋ ಗಡುಸಾಗಿ ಹೇಳಿದರು, ನಾನು ಓದು ಮುಂದುವರಿಸಿದೆ. ಒಂದು ವಾರ ನನಗೆ ಕೆಮ್ಮು. ಅವರು ಉದ್ದಕ್ಕೆ ಏನೋ ಬುದ್ಧಿ ಹೇಳಿದರು, ಬಿಸಿ ಏನಾದರೂ ಕುಡಿ ಎಂದೇ ಇರಬೇಕು. ನಾನು ತುಳುವಿನಲ್ಲಿ, ಕಷಾಯ ಮಾಡಿಕೊಂಡಿದ್ದೇನೆ ಅಮ್ಮಾ ಎಂದೆ. ಮೇ ತಿಂಗಳ ಹೊತ್ತಿಗೆ ಭಾನುವಾರ ಹತ್ತೂವರೆಗೇ ತಲೆ ಬಾಚಿ ಕೂರುತ್ತಿದ್ದೆ, ಯಾರೋ ಮನೆಗೆ ಬರುವವರಿದ್ದ ಹಾಗೆ.

ಸಾವಿನ ದುಃಖದಲ್ಲಿರುವ ಅಕ್ಕನಿಗೆ ಇದು ಸಮಾಧಾನ ಕೊಡುತ್ತಿದೆ ಎಂದು ನಾನು ತಿಳಿದಿದ್ದೆ. ಆಸ್ಪತ್ರೆಯಲ್ಲಿ ಯಾರಾದರೂ ಹಂಗೇರಿಯವರನ್ನು ಹುಡುಕಿ ಎರಡು ಮಾತು ಆಡಿಸಬಹುದಿತ್ತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆ ಭಾನುವಾರದ ಒಂದು ಗಳಿಗೆಯನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಒಂಟಿಯಾಗಿದ್ದವರು ಉದಾರಿಗಳಾಗುತ್ತಾರೆ ಎಂದು ಯಾರು ಹೇಳಿದರೋ, ಅವರು ಒಂಟಿಯಾಗಿದ್ದವರಲ್ಲ.

ಜುಲೈ ಕೊನೆಗೆ ಇಪ್ಪತ್ತೆರಡನೆಯ ಮನೆ ಓದಿದೆ. ಹನ್ನೊಂದೂ ಕಾರ್ಡು. ಈ ಸಲ ಆ ಕಡೆಯ ಉಸಿರು ಕೂಡ ಕೇಳಲಿಲ್ಲ. ಕೊನೆಯ ವಾಕ್ಯ ಓದಿ ಕಾದೆ. ಫೋನ್ ಮೆತ್ತಗೆ ಇಟ್ಟ ಸದ್ದಾಯಿತು. ಮುಟ್ಟಿಸಿದೆ ಎಂದುಕೊಂಡೆ. ಮುಂದಿನ ಭಾನುವಾರ ಓದಲು ಏನೂ ಇರಲಿಲ್ಲ. ಹನ್ನೊಂದು ಗಂಟೆಗೆ ಬಟ್ಟೆ ಮಡಚಿದೆ. ಅದರ ಮುಂದಿನ ಭಾನುವಾರವೂ ಹಾಗೇ ಹೋಯಿತು.

ಆಗಸ್ಟಿನಲ್ಲಿ ಹಂಗೇರಿಯ ಅಂಚೆಚೀಟಿ ಹಚ್ಚಿದ ಲಕೋಟೆ ಬಂತು. ಮೇಲೆ ಪ್ರೊಫೆಸರರ ಹೆಸರು. ಸತ್ತವರ ಹೆಸರಿಗೆ ಯಾಕೆ ಬರೆದರು ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟೇ. ಮರುದಿನ ವಾರ್ಡು ವಾರ್ಡು ವಿಚಾರಿಸಿ ಹಂಗೇರಿಯ ನರ್ಸೊಬ್ಬಳನ್ನು ಹಿಡಿದೆ, ನನ್ನ ಮಗಳ ವಯಸ್ಸಿನವಳು. ಕ್ಯಾಂಟೀನಿನಲ್ಲಿ ಚಹಾ ಎದುರಿಟ್ಟುಕೊಂಡು ಕೂತಳು, ಮೊದಲು ತಾನು ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ನಾನು ಅದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

"ನಿನ್ನ ರಾಜಕೀಯದ ಬುದ್ಧಿ ಇನ್ನೂ ಹೋಗಲಿಲ್ಲ. ನಿನ್ನ ದನಿ ಕೇಳಿದರೆ ಇಡುತ್ತೇನೆಂದು ಯಾರೋ ಹೆಂಗಸಿನ ಕೈಯಲ್ಲಿ ಓದಿಸಿದೆ. ನಾನು ಇಪ್ಪತ್ತೆರಡು ವಾರ ಕೇಳಿದೆ. ಏಳನೆಯ ಮನೆಯ ಗೇಟು ಹಸಿರು, ಕಂದು ಅಲ್ಲ. ಹದಿಮೂರರಲ್ಲಿ ಮಕ್ಕಳು ನಾಲ್ಕಲ್ಲ, ಐದು. ಸಣ್ಣವನು ನದಿಗೆ ಬಿದ್ದು ಸತ್ತ, ಅವನನ್ನು ಮರೆತಿದ್ದೀಯ. ಹದಿನೆಂಟರಲ್ಲಿದ್ದದ್ದು ಸೇಬಿನ ಮರವಲ್ಲ, ಮಲ್ಬೆರಿ. ನೀನೆಂಥ ಚರಿತ್ರೆಕಾರ."

ನರ್ಸ್ ನಕ್ಕಳು. ನಾನೂ ನಗಬೇಕೆಂದಿದ್ದೆ. ಬದಲು ಲಕೋಟೆಯ ಮೇಲಿನ ಹೆಸರನ್ನು ಮತ್ತೊಮ್ಮೆ ನೋಡಿದೆ.

"ನಮ್ಮ ಮನೆಯ ಊಟದ ದಿನದ್ದೂ ಕೇಳಿದೆ. 'ಸಹಿ ಹಾಕಿ ಬಂದಿದ್ದೆ, ಗೊತ್ತಿದ್ದೂ ಇನ್ನೊಮ್ಮೆ ಬಡಿಸು ಎಂದೆ,' ಎಂದು ಬರೆಸಿದ್ದೀಯ. ಅದೂ ತಪ್ಪು. ನೀನು ಎರಡು ಸಲ ಕೇಳಿ ಬಡಿಸಿಕೊಂಡೆ. ಹೇಳಲಾರದ್ದು ಏನೋ ಇದ್ದಾಗಲೆಲ್ಲ ನೀನು ಸಣ್ಣಂದಿನಿಂದಲೂ ಹಾಗೇ ತಿನ್ನುತ್ತಿದ್ದೆ. ನನಗೆ ಅವತ್ತೇ ಅನುಮಾನ ಬರಬೇಕಿತ್ತು. ನನಗೆ ತೊಂಬತ್ತೊಂದು. ಇನ್ನು ಆ ಹೆಂಗಸಿನ ಕೈಯಲ್ಲಿ ಓದಿಸಬೇಡ, ಪಾಪ ಅವಳಿಗೆ ನಮ್ಮ ಭಾಷೆ ಬಂದ ಹಾಗಿಲ್ಲ. ನೀನೇ ಫೋನ್ ಮಾಡು. ಇಡುವುದಿಲ್ಲ."

ನರ್ಸ್ ತಲೆಯೆತ್ತಿ, "ಇವರು ಈಗ ಎಲ್ಲಿದ್ದಾರೆ?" ಎಂದು ಕೇಳಿದಳು.

ಸಾಲಿಸಿಟರಿಗೆ ಕ್ಯಾಂಟೀನಿನಿಂದಲೇ ಫೋನ್ ಮಾಡಿದೆ. ಕಡತ ತೆಗೆದು ನೋಡಿ ಹೇಳಿದರು. ಸಂಬಂಧಿಯ ವಿಳಾಸ ಎಂದು ಪ್ರೊಫೆಸರರು ಈ ದೇಶಕ್ಕೆ ಬಂದ ವರ್ಷ ತುಂಬಿದ ಅರ್ಜಿಯಲ್ಲಿದ್ದದ್ದು ಹಳೆಯ ಮನೆಯ ವಿಳಾಸ. ಇಪ್ಪತ್ತೆರಡನೆಯ ನಂಬರು, ಆ ಬೀದಿ. ಅಷ್ಟೊತ್ತಿಗೆ ಅದು ರಸ್ತೆಯಾಗಿ ಹೋಗಿತ್ತು, ಆದರೂ ಅದನ್ನೇ ಬರೆದಿದ್ದರು. ಸಾವಿನ ಕಾಗದ ಅಲ್ಲಿಗೆ ಹೋಗಿ, ಅಂಥ ವಿಳಾಸವಿಲ್ಲ ಎಂಬ ಮುದ್ರೆಯೊಂದಿಗೆ ಏಪ್ರಿಲಿನಲ್ಲಿ ವಾಪಸು ಬಂದಿತ್ತು. ಅದನ್ನು ಕಡತಕ್ಕೆ ಸೇರಿಸಿದ್ದರು.

ಏಪ್ರಿಲಿನಲ್ಲಿ ನಾನು ಹತ್ತನೆಯ ಮನೆಯ ಆಸುಪಾಸಿನಲ್ಲಿದ್ದೆ. ಒಂದು ಮಾತು, ಯಾರ ಕೈಯಲ್ಲಾದರೂ ಒಂದೇ ಒಂದು ಮಾತು ಹೇಳಿಸಿದ್ದರೆ ಆಕೆ ಅಳುವುದಾದರೂ ಆಗಲೇ ಅಳುತ್ತಿದ್ದರು. ಈಗ ಕ್ಷಮಿಸಿದ ಮೇಲೆ ಅಳಬೇಕು. ನನಗೆ ನನ್ನ ಮೇಲೆ ಬಂದ ಸಿಟ್ಟು ಹೇಳತೀರದು.

"ನಾನು ಮಾತಾಡ್ತೇನೆ ಬೇಕಾದರೆ," ಎಂದಳು ನರ್ಸ್. ಒಳ್ಳೆಯ ಹುಡುಗಿ. ಭಾನುವಾರ ಡ್ಯೂಟಿ ಇದೆ, ಆದರೂ ಹನ್ನೊಂದಕ್ಕೆ ಹೊರಗೆ ಬಂದು ಮಾಡುತ್ತೇನೆ ಎಂದಳು.

ಬೇಡ ಎಂದೆ. ಆಕೆಗೆ ಗೊತ್ತಿರುವುದು ನನ್ನ ದನಿ. ಗುರುತಿಲ್ಲದವರ ಬಾಯಿಂದ ಆ ಸುದ್ದಿ ಕೇಳಬಾರದು. ಚೀಲದಲ್ಲಿ ಖಾಲಿ ಕಾರ್ಡು ಒಂದಿತ್ತು. ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತನ್ನ ಭಾಷೆಯಲ್ಲಿ ನಿಧಾನಕ್ಕೆ ಹೇಳಿದಳು, ನಾನು ಬರೆದೆ. ನಿಮ್ಮ ತಮ್ಮ ಫೆಬ್ರವರಿಯಲ್ಲಿ ತೀರಿಕೊಂಡರು. ನಿಮಗೆ ತಿಳಿದಿದೆ ಎಂದುಕೊಂಡಿದ್ದೆ. ಕಾರ್ಡುಗಳನ್ನು ಅವರೇ ಹೇಳಿ ಬರೆಸಿದರು, ನಿಮಗೆ ಮುಟ್ಟಿಸು ಎಂದಿದ್ದರು. ನನ್ನನ್ನು ಕ್ಷಮಿಸಿ. ನಾಲ್ಕು ಸಾಲು. ಅವಳೆದುರು ಎರಡು ಸಲ ಓದಿ ತೋರಿಸಿದೆ. ಸರಿಯಾಗಿದೆ ಎಂದು ಕಣ್ಣೊರೆಸಿಕೊಂಡಳು.

ಆ ಭಾನುವಾರ ಬೆಳಿಗ್ಗೆ ಏನೂ ತಿನ್ನಲಾಗಲಿಲ್ಲ. ಹನ್ನೊಂದಕ್ಕೆ ನಂಬರು ಒತ್ತಿದೆ. ಯಾವಾಗಲೂ ಐದಾರು ಸಲ ಬಡಿದ ಮೇಲೆ ಎತ್ತುತ್ತಿದ್ದವರು ಮೊದಲನೆಯ ಸದ್ದಿಗೇ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಮಾತು ಸುರುವಾಯಿತು. ಅದು ಒಣಗಿದ ದನಿಯಲ್ಲ. ಗದರಿಕೆ, ನಡುವೆ ನಗು, ಪ್ರಶ್ನೆ, ಮತ್ತೆ ಗದರಿಕೆ. ಎಷ್ಟೋ ವರ್ಷಗಳಿಂದ ಒಳಗಿಟ್ಟದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೊರಗಿಡುತ್ತಿದ್ದರು. ಮನೆಯಲ್ಲಿ ಮಕ್ಕಳನ್ನು ಕರೆಯುವ ಹಾಗೆ ಒಂದು ಸಣ್ಣ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ನಾನು ತಡೆಯಲಿಲ್ಲ. ಅವರೇ ನಿಂತರು. ಉತ್ತರಕ್ಕಾಗಿ ಕಾದರು. ಮತ್ತೊಮ್ಮೆ ಆ ಹೆಸರು ಕರೆದರು.

ನಾನು ಕಾರ್ಡು ಓದಿದೆ. ಅಷ್ಟು ತಿಂಗಳಲ್ಲಿ ಅರ್ಥ ಗೊತ್ತಿದ್ದು ಓದಿದ್ದು ಅದೊಂದೇ.

ಆಕೆ ಫೋನ್ ಇಡಲಿಲ್ಲ.